ನಾಲ್ಕು ನಟ್ಟಿನ ಗುರುತು

ಜೂನ್ ೪

ಅಣ್ಣಾ,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಸೋತು ಕಾಗದ ಹಿಡಿದಿದ್ದೇನೆ. ನಾನು ಗಂಟಲು ಹರಿದುಕೊಂಡು ಕೂಗುವುದು, ನೀನು "ಹಾಂ? ಹಾಂ?" ಅನ್ನುವುದು, ಕೊನೆಗೆ "ಸರಿ ಬಿಡು, ಹೊತ್ತಿಗೆ ಸರಿಯಾಗಿ ಊಟ ಮಾಡು" ಅಂತ ಇಟ್ಟುಬಿಡುವುದು. ಪಕ್ಕದ ಮನೆಯವರಿಗೆ ನನ್ನ ಸಮಾಚಾರವೆಲ್ಲ ಬಾಯಿಪಾಠವಾಗಿದೆ, ನಿನಗೊಬ್ಬನಿಗೇ ಗೊತ್ತಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ಆ ಅಕ್ಷರ ನಿನಗೆ ಇರುವೆ ಸಾಲಿನ ಹಾಗೆ ಕಾಣುತ್ತದಂತೆ, ಅತ್ತಿಗೆ ಹೇಳಿದರು. ಗ್ಯಾರೇಜಿನ ಸುತ್ತಿಗೆ ಸದ್ದು ನಿನ್ನ ಕಿವಿಯನ್ನು ತಿಂದುಹಾಕಿತು. ಕಾಗದವಾದರೆ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದುತ್ತೀಯ.

ಈ ಗುಡ್ಡದ ಊರಿಗೆ ವರ್ಗವಾಗಿ ಬಂದು ಮೂರು ತಿಂಗಳಾಯಿತು. ಒಂದು ಮನೆ ಮೇಲೆ, ಇನ್ನೊಂದು ಕೆಳಗೆ. ಸಪಾಟು ಜಾಗ ಅಂತ ಇರುವುದು ನಮ್ಮ ಕ್ಲಿನಿಕ್ಕಿನ ಅಂಗಳ ಒಂದೇ. ದಿನಕ್ಕೆ ಹನ್ನೊಂದು ಮನೆ ಸುತ್ತಬೇಕು. ಒಬ್ಬರಿಗೆ ಇಂಜೆಕ್ಷನ್, ಇನ್ನೊಬ್ಬರಿಗೆ ಗಾಯದ ಪಟ್ಟಿ. ಗುಡ್ಡದ ತುದಿಯ ಕೊನೇ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣು. ಒಂಬತ್ತಕ್ಕೆ ನಾನು ಅಲ್ಲಿರಬೇಕು. ಮೂರು ನಿಮಿಷ ತಡವಾದರೆ "ಏನಮ್ಮಾ, ಇವತ್ತು ಕೀಲಿ ಕೊಡೋದು ಮರೆತ್ಯಾ?" ಅನ್ನುತ್ತಾರೆ. ಕಾರಿಲ್ಲದಿದ್ದರೆ ನನ್ನ ಕೆಲಸವೇ ಇಲ್ಲ, ಅಜ್ಜನಿಗೆ ಪಟ್ಟಿಯೂ ಇಲ್ಲ.

ಆ ಕಾರು ಈಗ ಸದ್ದು ಮಾಡುತ್ತಿದೆ. ಇಳಿಜಾರಿನಲ್ಲಿ ತಿರುಗಿಸಿದಾಗಲೆಲ್ಲ ಮುಂದಿನ ಬಲಗಡೆಯಿಂದ ಟಕ್ ಟಕ್. ಹದಿನಾಲ್ಕು ವರ್ಷದಿಂದ ಈ ಕಾರನ್ನು ನಿನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈ ಮುಟ್ಟಿಲ್ಲ. ಇಲ್ಲಿ ಯಾರನ್ನು ನಂಬಲಿ? ಕಂಡಕಂಡವರಿಗೆ ಚಕ್ರ ಬಿಚ್ಚಲು ಕೊಡಲು ನನಗೆ ಜೀವ ಬಾಯಿಗೆ ಬರುತ್ತದೆ. ನಿನ್ನ ಆ ಪಾಲುದಾರ ನಟ್ಟು ಬಿಗಿ ಮಾಡದೆ ಬಿಟ್ಟು ಔಷಧಿ ಅಂಗಡಿಯವರ ಜೀವ ತೆಗೆದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವನ ಮುಖ ಸಹ ನಾನು ನೋಡಿದವಳಲ್ಲ, ಆದರೂ.

ನಿನ್ನಂಥ ಒಬ್ಬ ಮೆಕ್ಯಾನಿಕ್ಕನ್ನು ಹುಡುಕುವುದು ಹೇಗೆ ಅಂತ ಬರೆದು ಕಳಿಸು.

ಇಲ್ಲಿ ನನ್ನ ಸಂಸಾರದ ವಿಷಯ ಯಾರಿಗೂ ಹೇಳಿಲ್ಲ. ಗಂಡ ಎಲ್ಲಿ ಅಂದರೆ "ಊರಲ್ಲಿದ್ದಾರೆ" ಅನ್ನುತ್ತೇನೆ. ಸುಳ್ಳೇನಲ್ಲವಲ್ಲ, ಬಿಟ್ಟು ಹೋಗಿ ಹನ್ನೊಂದು ವರ್ಷವಾದರೂ ಯಾವುದೋ ಒಂದು ಊರಲ್ಲಿ ಇದ್ದೇ ಇರುತ್ತಾನೆ.

ನಿನ್ನ ಮುದ್ದಿನ ತಂಗಿ,
ಪುಟ್ಟಿ

ಜೂನ್ ೧೧

ಪುಟ್ಟಿ,

ಕಾಗದ ಬಂತು. ನಿನ್ನ ಅಕ್ಷರ ಮೂರನೇ ಕ್ಲಾಸಿನಲ್ಲಿ ಹೇಗಿತ್ತೋ ಹಾಗೇ ಇದೆ, ಕೋಳಿ ಕೆದರಿದ ಹಾಗೆ. ನರ್ಸಮ್ಮನವರು ಔಷಧಿ ಚೀಟಿಯನ್ನೂ ಹೀಗೇ ಬರೆದರೆ ರೋಗಿಗಳ ಗತಿ ದೇವರೇ ಬಲ್ಲ.

ಸದ್ದಿಗೆ ಹೆದರಬೇಡ. ಸದ್ದು ಮಾಡುವ ಗಾಡಿ ಮಾತಾಡುವ ಮಗುವಿದ್ದ ಹಾಗೆ, ನೋವು ಎಲ್ಲಿ ಅಂತ ಹೇಳುತ್ತದೆ. ಆದರೆ ಇಳಿಜಾರಿನಲ್ಲಿ ಓಡಾಡುವವಳು, ಮುಂದೂಡಬೇಡ.

ಮೆಕ್ಯಾನಿಕ್ಕನ್ನು ಹೇಗೆ ಹುಡುಕುವುದು ಅಂದೆಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಂಗಡಿಯ ಥಳಕು ನೋಡಬೇಡ. ಹೋದ ತಕ್ಷಣ ಅವನ ನೆಲ ನೋಡು. ಎಣ್ಣೆ ಚೆಲ್ಲಿದ್ದರೆ ಚಿಂತೆಯಿಲ್ಲ, ಅದು ನಮ್ಮ ಕಸುಬು. ಬಿಚ್ಚಿದ ನಟ್ಟು ಬೋಲ್ಟು ನೆಲದ ಮೇಲೆ ದಿಕ್ಕಾಪಾಲಾಗಿ ಬಿದ್ದಿದ್ದರೆ ಹಾಗೇ ಹಿಂದಕ್ಕೆ ತಿರುಗು. ನೀನು ಸದ್ದಿನ ವಿಷಯ ಹೇಳುತ್ತಿರುವಾಗಲೇ "ಗೊತ್ತಾಯ್ತು ಬಿಡಿ" ಅನ್ನುವವನಿಗೆ ಏನೂ ಗೊತ್ತಾಗಿರುವುದಿಲ್ಲ. "ಗೊತ್ತಿಲ್ಲ, ನೋಡ್ಬೇಕು" ಅನ್ನುವವನು ಸಿಕ್ಕರೆ ಒಂದು ನಿಮಿಷ ನಿಲ್ಲು. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಒಂದು ಸುತ್ತು ಓಡಿಸಿ ನೋಡುತ್ತಾನೋ ನೋಡು. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಸಾಮಾನನ್ನು ಕೇಳು. ಕಳ್ಳ "ಬಿಸಾಕ್ಬಿಟ್ಟೆ" ಅನ್ನುತ್ತಾನೆ. ಒಳ್ಳೆಯವನು ನೀನು ಕೇಳುವ ಮೊದಲೇ ಕಾಗದದಲ್ಲಿ ಸುತ್ತಿ ಕೈಗಿಡುತ್ತಾನೆ.

ಇಷ್ಟೆಲ್ಲ ಸರಿಯಾಗಿದ್ದರೂ ಒಬ್ಬ ಮನುಷ್ಯ ಒಂದು ದಿನ ಅವಸರದಲ್ಲಿರಬಹುದು. ಅದನ್ನು ಕಂಡುಹಿಡಿಯುವ ಉಪಾಯ ನನಗೂ ಗೊತ್ತಿಲ್ಲ.

ಆ ಹಳೇ ಕಥೆ ಈಗ ಯಾಕೆ? ಇಪ್ಪತ್ತಾರು ವರ್ಷವಾಯಿತು. ಬಿಡು.

ಅತ್ತಿಗೆ ನಿನ್ನನ್ನು ಕೇಳುತ್ತಾಳೆ. ನನ್ನ ಕೈ ಈಗೀಗ ಸ್ವಲ್ಪ ನಡುಗುತ್ತದೆ, ಅದಕ್ಕೇ ಈ ಕಾಗದದಲ್ಲೂ ಸಾಲು ಹತ್ತಿ ಇಳಿದಿದೆ. ನಿನ್ನ ಅಕ್ಷರವನ್ನು ಆಡಿಕೊಳ್ಳಲು ನನಗೇನೂ ಹಕ್ಕಿಲ್ಲ.

ಅಣ್ಣ

ಜುಲೈ ೨

ಅಣ್ಣಾ,

ಸಿಕ್ಕ! ಸಿಕ್ಕೇಬಿಟ್ಟ!

ಮೊದಲು ಹೋದದ್ದು ಬಸ್ ನಿಲ್ದಾಣದ ಹತ್ತಿರದವನ ಬಳಿ. ಬಾಯಿ ತೆರೆದರೆ ಸಕ್ಕರೆ. "ಅಕ್ಕಾ, ನೀವು ಬಂದಿದ್ದೇ ನನ್ನ ಭಾಗ್ಯ ಅಕ್ಕಾ" ಅಂದ. ನಾನು ಟಕ್ ಅನ್ನುವಷ್ಟರಲ್ಲಿ "ಗೊತ್ತಾಯ್ತು ಬಿಡಿ ಅಕ್ಕಾ, ಮುಂದಿನದೆಲ್ಲ ಬದಲಾಯಿಸ್ಬೇಕು" ಅಂದುಬಿಟ್ಟ. ನಿನ್ನ ಮಾತು ನೆನಪಾಗಿ ನಗು ತಡೆಯಲಾಗಲಿಲ್ಲ. ಎರಡನೆಯದು ಗಾಜಿನ ಅರಮನೆ. ಟೈ ಕಟ್ಟಿಕೊಂಡವನೊಬ್ಬ ಬಂದು, ಕಾರನ್ನು ಮುಟ್ಟದೆಯೇ, ಇದನ್ನು ಮಾರಿ ಹೊಸದು ತೆಗೆದುಕೊಳ್ಳಿ ಅಂತ ಬುದ್ಧಿ ಹೇಳಿದ.

ಮೂರನೆಯವನನ್ನು ತೋರಿಸಿದ್ದು ನಮ್ಮ ಆಂಬುಲೆನ್ಸ್ ಡ್ರೈವರ್. ಕ್ಲಿನಿಕ್ಕಿನ ಗಾಡಿಗಳೆಲ್ಲ ಅಲ್ಲಿಗೇ ಹೋಗುವುದಂತೆ. ಹಳೇ ಮರದ ಗೋದಾಮಿನ ಹಿಂದೆ ಒಂದು ತಗಡಿನ ಶೆಡ್, ಅಷ್ಟೆ. ಬೋರ್ಡೂ ಇಲ್ಲ. ಗೋಡೆಯ ಮೇಲೆ ನಟ್ಟು ತಿರುಗಿಸುವ ಪಾನಾಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತಾಡುತ್ತವೆ, ಒಂದೊಂದರ ಹಿಂದೆಯೂ ಗೋಡೆಯಲ್ಲಿ ಅದರದೇ ಆಕಾರ ಬಿಡಿಸಿದೆ. ಆ ಮನುಷ್ಯ ನಿನ್ನ ವಯಸ್ಸಿನವನು. ಮಾತು? ಕೇಳಬೇಡ. ಶುದ್ಧ ಗುಮ್ಮನಗುಸುಕ. ನಾನು ಅವನಿಗೆ ಗುಮ್ಮಣ್ಣ ಅಂತಲೇ ಹೆಸರಿಟ್ಟಿದ್ದೇನೆ. ನನ್ನ ಪುರಾಣವೆಲ್ಲ ಕೇಳಿ ಒಂದೇ ಮಾತು ಆಡಿದ. "ಗೊತ್ತಿಲ್ಲಮ್ಮಾ. ನೋಡ್ಬೇಕು."

ಅಣ್ಣಾ, ನನಗೆ ಕಣ್ಣಲ್ಲಿ ನೀರೇ ಬಂತು!

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಇಳಿಜಾರು ಇಳಿಸಿ ನೋಡಿದ. ಆಮೇಲೆ ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಸವೆದದ್ದು ಒಂದು ರಬ್ಬರ್ ಬುಷ್, ನನ್ನ ಹೆಬ್ಬೆರಳಿನಷ್ಟು! ಅದನ್ನು ಬದಲಾಯಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ, ಕೇಳುವ ಮೊದಲೇ ನನ್ನ ಕೈಗಿಟ್ಟ. ಸದ್ದು ಹೋಯಿತು.

ಒಂದು ತಮಾಷೆ ಕೇಳು. ಚಕ್ರದ ನಟ್ಟುಗಳನ್ನು ಬಿಗಿ ಮಾಡಿ, ಪಾನಾ ಕೆಳಗಿಟ್ಟು, ಶೆಡ್ಡಿನಿಂದ ಹೊರಗೆ ಹೋಗಿ ಕೈ ತೊಳೆದುಕೊಂಡು, ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಸುಮ್ಮನೆ ಕೂತ. ಆಮೇಲೆ ಬಂದು ಮತ್ತೆ ಮೊದಲಿನಿಂದ ಒಂದೊಂದೇ ನಟ್ಟನ್ನು ಪರೀಕ್ಷಿಸಿದ. ಯಾಕೆ ಅಂತ ಕೇಳಿದೆ. "ಬಿಗಿ ಮಾಡಿದವನೇ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಅದಕ್ಕೆ ಆಚೆ ಹೋಗಿ ಇನ್ನೊಬ್ಬನಾಗಿ ಬರ್ತೀನಿ" ಅಂದ. ಎಲ್ಲ ಮುಗಿದ ಮೇಲೆ ಬೆಂಕಿಕಡ್ಡಿಯಲ್ಲಿ ಬಣ್ಣ ಅದ್ದಿ, ನಾಲ್ಕು ನಟ್ಟಿಗೂ ಒಂದೊಂದು ಬಿಳಿ ಗೆರೆ ಎಳೆದ. ನೀನು ಕೆಂಪು ಗೆರೆ ಎಳೆಯುತ್ತೀಯಲ್ಲ, ಥೇಟ್ ಹಾಗೇ. ಈ ಕಸುಬಿನವರೆಲ್ಲ ಹೀಗೇ ಮಾಡುತ್ತಾರೇನು?

ನಿನ್ನ ಕೆಂಪು ಗೆರೆ ಅವನ ಕಣ್ಣಿಗೂ ಬಿತ್ತು. "ಇದು ಯಾರು ಹಾಕಿದ್ದು?" ಅಂದ. "ನಮ್ಮಣ್ಣ. ಅವರೂ ಮೆಕ್ಯಾನಿಕ್ಕೇ" ಅಂದೆ. ಬಗ್ಗಿ ಆ ಕೆಂಪು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ, "ನಿಮ್ಮ ಯಜಮಾನ್ರು ಚೆನ್ನಾಗಿದ್ದಾರಾ?" ಅಂತ ಕೇಳಿದ. ಎಲಾ ಇವನ! ಗುರುತಿಲ್ಲ ಪರಿಚಯವಿಲ್ಲ, ಇವನಿಗ್ಯಾಕೆ ನನ್ನ ಯಜಮಾನರ ಚಿಂತೆ? "ಚೆನ್ನಾಗಿದ್ದಾರೆ" ಅಂದೆ ಸ್ವಲ್ಪ ಬಿರುಸಾಗಿಯೇ. "ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?" "ಹೂಂ." ಆಗ ನಕ್ಕ ನೋಡು ಗುಮ್ಮಣ್ಣ, ಮೊದಲ ಸಲ. "ಒಳ್ಳೇದಾಯ್ತು, ಒಳ್ಳೇದಾಯ್ತು" ಅಂತ ಎರಡೆರಡು ಸಲ ಹೇಳಿದ.

ವಿಚಿತ್ರ ಆಸಾಮಿ. ಆದರೆ ಕೆಲಸದಲ್ಲಿ ನಿನ್ನ ತಮ್ಮ ಅನ್ನಬೇಕು. ಮುಂದಿನ ತಿಂಗಳು ಬ್ರೇಕ್ ತೋರಿಸಲು ಬರಹೇಳಿದ್ದಾನೆ. ನೀನು ಇನ್ನು ನಿಶ್ಚಿಂತೆಯಾಗಿರು.

ನಿನ್ನ ಮುದ್ದಿನ ತಂಗಿ,
ಪುಟ್ಟಿ

ಜುಲೈ ೨೭

ಪುಟ್ಟಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನನಗೆ ಜ್ವರವಿತ್ತು, ಬರೆಯಲಾಗಲಿಲ್ಲ.

ಆ ಮನುಷ್ಯನ ಹತ್ತಿರ ಇನ್ನು ಹೋಗಬೇಡ. ನೀನು ಬರೆದ ಲಕ್ಷಣವೆಲ್ಲ ನೋಡಿದರೆ ಅವನು ನನ್ನ ಹಳೇ ಪಾಲುದಾರನೇ, ಅನುಮಾನವಿಲ್ಲ. ಜೈಲಿನಿಂದ ಬಂದ ಮೇಲೆ ಊರು ಬಿಟ್ಟಿದ್ದ. ಎಲ್ಲಿಗೆ ಹೋದ ಅಂತ ನಾನು ವಿಚಾರಿಸಿರಲಿಲ್ಲ.

ಬ್ರೇಕನ್ನು ಬೇರೆ ಯಾರಿಗಾದರೂ ತೋರಿಸು. ಅವನ ಹತ್ತಿರ ಮಾತಿಗೆ ನಿಲ್ಲಬೇಡ. ಅವನು ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ನೀನೂ ಈ ವಿಷಯವನ್ನು ಅಲ್ಲಿ ಯಾರ ಹತ್ತಿರವೂ ಆಡಬೇಡ. ಆದದ್ದು ಆಯಿತು, ಅವನ ಪಾಡಿಗೆ ಅವನಿರಲಿ.

ಹೇಳಿದಷ್ಟು ಕೇಳು. ಹೆಚ್ಚು ಬರೆಯಲು ಆಗುತ್ತಿಲ್ಲ.

ಅಣ್ಣ

ಆಗಸ್ಟ್ ೫

ಅಣ್ಣಾ,

ನಿನ್ನ ಕಾಗದ ಓದಿದೆ. ಒಂದು ತಿಂಗಳು ಅವನು ಮುಟ್ಟಿದ ಚಕ್ರದ ಮೇಲೆ ಗುಡ್ಡ ಹತ್ತಿ ಇಳಿದಿದ್ದೇನೆ! ನೀನು ಎಷ್ಟು ಗಾಬರಿಯಾಗಿದ್ದೀಯ ಅಂತ ನಿನ್ನ ಅಕ್ಷರ ನೋಡಿದರೇ ತಿಳಿಯುತ್ತದೆ. ಜ್ವರದಲ್ಲೂ ನನ್ನದೇ ಯೋಚನೆ ನಿನಗೆ.

ಮಾತಿಗೆ ನಿಲ್ಲಬೇಡ ಅಂದಿದ್ದೆ. ಆದರೆ ನನ್ನ ಕೋಪ ನಿನಗೆ ಗೊತ್ತಲ್ಲ. ಸೀದಾ ಶೆಡ್ಡಿಗೆ ಹೋದೆ. "ನೀವು ಯಾರು ಅಂತ ಗೊತ್ತಾಯ್ತು. ನಮ್ಮಣ್ಣ ಎಲ್ಲಾ ಬರೆದಿದ್ದಾರೆ" ಅಂದೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಮುಖ ಒಂಥರಾ ಅರಳಿತು. "ಎಲ್ಲಾ ಬರೆದಿದ್ದಾನಾ?" ಅಂತ ಕೇಳಿದ. ನಾಚಿಕೆಯಾದರೂ ಬೇಡವೇ? "ಹೌದು, ನೀವು ನಟ್ಟು ಬಿಗಿ ಮಾಡದೆ ಬಿಟ್ಟಿದ್ದು, ಔಷಧಿ ಅಂಗಡಿಯವರು ಸತ್ತಿದ್ದು, ಜೈಲಿಗೆ ಹೋಗಿದ್ದು, ಎಲ್ಲಾ" ಅಂದೆ. ಮುಖ ಹಾಗೇ ಬಾಡಿಹೋಯಿತು. "ಅಷ್ಟೇನಾ ಬರೆದಿದ್ದು?" ಅಂದ. "ಇನ್ನೇನು ಬೇಕಿತ್ತು ನಿಮಗೆ?" ಅಂದೆ. "ಅಣ್ಣ ಹೇಳಿದ್ದಾನೆ ಅಂದ್ಮೇಲೆ ಕೇಳಿ ತಾಯಿ. ಕಾರನ್ನ ಬೇರೆ ಕಡೆ ತೋರಿಸಿ" ಅಂತ ಮತ್ತೆ ಬಟ್ಟೆ ಎತ್ತಿಕೊಂಡ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುವುದು ಸುಳ್ಳಲ್ಲ.

ಇನ್ನೊಂದು ವಿಷಯದಲ್ಲಿ ನಿನ್ನ ಮಾತು ಮೀರಿದ್ದೇನೆ, ಬೈಯಬೇಡ. ಯಾರಿಗೂ ಹೇಳಬೇಡ ಅಂದೆ. ನಿನ್ನದು ದೊಡ್ಡ ಮನಸ್ಸು. ಆದರೆ ನಮ್ಮ ಆಂಬುಲೆನ್ಸ್ ಅವನ ಕೈಯಲ್ಲಿದೆ. ನಾಳೆ ಅದರ ಚಕ್ರ ಕಳಚಿದರೆ ಬಾಯಿ ಮುಚ್ಚಿಕೊಂಡಿದ್ದ ಪಾಪ ನನ್ನ ತಲೆಗೆ ಬರುವುದಿಲ್ಲವೇ? ಡ್ರೈವರಿಗೆ ಹೇಳಿದೆ. ಅವನು ನಂಬಲಿಲ್ಲ. "ಇಲ್ಲ ಸಿಸ್ಟರ್, ನೀವೇನೋ ತಪ್ಪು ತಿಳ್ಕೊಂಡಿದ್ದೀರ" ಅಂದ. ನಿನ್ನ ಕಾಗದ ತೋರಿಸಿದ ಮೇಲೆ ತೆಪ್ಪಗಾದ. ಅಲ್ಲಿಂದ ಡಾಕ್ಟರಿಗೆ ಗೊತ್ತಾಯಿತು. ಕ್ಲಿನಿಕ್ಕಿನ ಗಾಡಿಗಳನ್ನು ಅಲ್ಲಿಂದ ತೆಗೆಸಿದ್ದಾರೆ.

ಆರೋಗ್ಯ ನೋಡಿಕೋ. ಬೇಗ ಬರೆ.

ನಿನ್ನ ಮುದ್ದಿನ ತಂಗಿ,
ಪುಟ್ಟಿ

ಸೆಪ್ಟೆಂಬರ್ ೯

ಅಣ್ಣಾ,

ಒಂದು ತಿಂಗಳಾದರೂ ನಿನ್ನ ಕಾಗದವಿಲ್ಲ. ಮಾತು ಮೀರಿದೆ ಅಂತ ಸಿಟ್ಟೇ? ಅತ್ತಿಗೆಯನ್ನು ಕೇಳಿದರೆ "ಊಟ ಸರಿಯಾಗಿ ಮಾಡ್ತಿಲ್ಲ, ಕಾಗದ ಬರೀತಾರೆ, ಹರೀತಾರೆ" ಅನ್ನುತ್ತಾರೆ. ಏನು ಹರಿಯುತ್ತಿದ್ದೀಯ?

ಆ ಶೆಡ್ ಮುಚ್ಚಿತು. ಊರ ಬಾಯಿ ಮುಚ್ಚಲಾಗುತ್ತದೆಯೇ? ನಾನು ಹೇಳಿದ್ದು ಒಬ್ಬನಿಗೆ. ವಾರದೊಳಗೆ ಎಲ್ಲರೂ ಬಂದು ತಮ್ಮ ತಮ್ಮ ಗಾಡಿ ತೆಗೆದುಕೊಂಡು ಹೋದರಂತೆ, ಅರ್ಧ ಬಿಚ್ಚಿದ್ದನ್ನು ಸಹ ಎಳೆಸಿಕೊಂಡು. ಜಾಗದ ಯಜಮಾನ ಖಾಲಿ ಮಾಡಿಸಿದ. ಅವನು ಯಾರ ಹತ್ತಿರವೂ ಒಂದು ಮಾತು ವಾದಿಸಲಿಲ್ಲವಂತೆ. ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿಕೊಂಡು ಬಸ್ಸು ಹತ್ತಿದ ಅಂತ ಡ್ರೈವರ್ ಹೇಳಿದ. ಆ ಡ್ರೈವರ್ ಈಗ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ನಾನು ಮಾಡಿದ್ದು ಸರಿ ತಾನೆ? ನೀನು ಸರಿ ಅಂತ ಒಂದು ಸಾಲು ಬರೆದರೆ ಸಾಕು.

ಬ್ರೇಕು ತೋರಿಸಲು ಸಕ್ಕರೆ ಬಾಯಿಯವನ ಹತ್ತಿರ ಹೋಗಿದ್ದೆ, ಬೇರೆ ಗತಿಯಿರಲಿಲ್ಲ. ಬ್ರೇಕಿನ ಜೊತೆಗೆ ಕ್ಲಚ್ಚಿಗೂ ಕೈ ಹಾಕಿದ, ಬೇಡವೆಂದರೂ. ಕಳೆದ ಮಂಗಳವಾರ ಬೆಳಿಗ್ಗೆ ಏರಿನ ನಡುವೆ ಕಾರು ನಿಂತುಬಿಟ್ಟಿತು. ಹಿಂದಕ್ಕೆ ಜಾರದ ಹಾಗೆ ಚಕ್ರಕ್ಕೆ ಕಲ್ಲು ಕೊಟ್ಟು, ಚೀಲ ಹೆಗಲಿಗೇರಿಸಿಕೊಂಡು ನಡೆದೆ. ಗಡಿಯಾರದ ಅಜ್ಜನ ಮನೆ ಮುಟ್ಟಿದಾಗ ಹತ್ತೂಕಾಲು. ಹತ್ತಕ್ಕೆ ಹೋಗಿಬಿಟ್ಟಿದ್ದರು. ನಾನಿದ್ದರೂ ಉಳಿಯುತ್ತಿರಲಿಲ್ಲ, ಡಾಕ್ಟರೂ ಹಾಗೇ ಅಂದರು. ಆದರೆ ಒಂಬತ್ತರಿಂದ "ಆ ಹುಡುಗಿ ಬಂದಳಾ, ಆ ಹುಡುಗಿ ಬಂದಳಾ" ಅಂತ ಕೇಳುತ್ತಲೇ ಇದ್ದರಂತೆ. ಐವತ್ತು ದಾಟಿದವಳನ್ನು ಹುಡುಗಿ ಅನ್ನುತ್ತಿದ್ದವರು ಅವರೊಬ್ಬರೇ.

ಅವರ ಸೊಸೆ ನನಗೆ ಕುಡಿಯಲು ನೀರು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಬರೆ ಅಣ್ಣಾ. ಇಲ್ಲಿ ನನಗೆ ಯಾರೂ ಇಲ್ಲ.

ಪುಟ್ಟಿ

ಸೆಪ್ಟೆಂಬರ್ ೨೦

ಪುಟ್ಟಿ,

ಇದು ಎಂಟನೆಯದು. ಏಳು ಹರಿದೆ. ಇದನ್ನು ಬರೆದ ಕೈಯಲ್ಲೇ ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ, ತಿರುಗಿ ಓದುವುದಿಲ್ಲ.

ನೀನು ಮಾಡಿದ್ದು ಸರಿಯಲ್ಲ. ಆದರೆ ತಪ್ಪು ನಿನ್ನದಲ್ಲ. ನಟ್ಟು ಬಿಗಿ ಮಾಡದೆ ಬಿಟ್ಟವನು ನಾನು.

ಅವತ್ತು ನಿನ್ನ ಮದುವೆಯ ಹಿಂದಿನ ದಿನ. ನಾಲ್ಕು ಗಂಟೆಯ ರೈಲಿಗೆ ನಾನು ಹೊರಡಬೇಕು. ಔಷಧಿ ಅಂಗಡಿಯವರ ಕಾರಿನ ಕೆಲಸ ನನ್ನ ಕೈಯಲ್ಲಿತ್ತು. ಚಕ್ರ ಕೂರಿಸಿ, ನಾಲ್ಕೂ ನಟ್ಟನ್ನು ಬೆರಳಲ್ಲಿ ತಿರುಗಿಸಿ, ಗಾಡಿ ಇಳಿಸಿದ್ದೆ, ಅಷ್ಟೆ. ಗಾಡಿಯನ್ನು ಜಾಕಿನಿಂದ ಇಳಿಸಿದ ಮೇಲೆ ಪಾನಾ ಹಾಕಿ ಬಿಗಿ ಮಾಡಬೇಕು, ಆಚೆ ಹೋಗಿ ಬರಬೇಕು, ಮತ್ತೆ ನೋಡಬೇಕು, ಕೊನೆಗೆ ಗುರುತು. ಗುರುತು ಬಿತ್ತೆಂದರೆ ಆ ಚಕ್ರವನ್ನು ಇನ್ನು ಯಾರೂ ಮುಟ್ಟಬೇಕಾಗಿಲ್ಲ. ಆ ಪದ್ಧತಿ ತಂದವನು ಅವನು. ನಾನು ಕಲಿತದ್ದು ಅವನಿಂದ. ಊರೆಲ್ಲ ನನ್ನನ್ನು ಹೊಗಳಿದ್ದು ಆ ಗೆರೆಗೆ.

ಅವತ್ತು ಬಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು. ಹೇಗೂ ಬಿಗಿ ಮಾಡುವವನು ನಾನೇ, ಗುರುತು ಈಗಲೇ ಹಾಕಿಬಿಟ್ಟರೆ ಅಷ್ಟು ಹೊತ್ತು ಉಳಿಯಿತು ಅಂದುಕೊಂಡೆ. ಎಳೆದೆ, ನಾಲ್ಕು ಗೆರೆ. ಅಷ್ಟರಲ್ಲಿ ಮನೆಯಿಂದ ಫೋನ್, ರೈಲಿಗೆ ಹೊತ್ತಾಯಿತು ಅಂತ. ಕೈ ತೊಳೆದೆ, ಹೊರಟೆ. ನಟ್ಟು ತಲೆಯಿಂದಲೇ ಹೋಗಿತ್ತು. ಅವನು ಸಾಮಾನು ತರಲು ಪೇಟೆಗೆ ಹೋಗಿದ್ದ. ಬಂದ, ಗುರುತು ನೋಡಿದ, ಕೀಲಿ ಕೊಟ್ಟ. ನನ್ನ ಗುರುತನ್ನು ನಂಬಿದ, ಅದಿಷ್ಟೇ ಅವನ ತಪ್ಪು.

ಅದೇ ಸಂಜೆ ಚಕ್ರ ಕಳಚಿ ಕಾರು ಸೇತುವೆಯ ಗೋಡೆಗೆ ಹೊಡೆಯಿತು. ಮಾರನೇ ದಿನ, ನಿನ್ನ ಮದುವೆ ನಡೆಯುತ್ತಿರುವ ಹೊತ್ತಿನಲ್ಲಿ, ಪೊಲೀಸರು ಗ್ಯಾರೇಜಿಗೆ ಬಂದು ಯಾರು ಮಾಡಿದ ಕೆಲಸ ಅಂತ ಕೇಳಿದರು. ಅವನು "ನಾನು" ಅಂದ. ನಾನು ಮೂರು ದಿನ ಬಿಟ್ಟು ಬಂದು ಠಾಣೆಯಲ್ಲಿ ಅವನನ್ನು ಕಂಡೆ. "ಮದುವೆ ಮನೆಗೆ ಪೊಲೀಸ್ ಬಂದಿದ್ರೆ ಆ ಹುಡುಗಿ ಗತಿ ಏನಾಗ್ತಿತ್ತೋ? ಈಗ ನೀನು ಬಂದ್ಯಲ್ಲ, ಸರಿ ಮಾಡೋಣ" ಅಂದ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಒಳಗೆ ಬಂದು, "ನಿಮಗೇನಾದ್ರೂ ಹೇಳೋದಿದೆಯಾ?" ಅಂತ ನನ್ನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. "ಇಲ್ಲ" ಅಂದೆ.

ಒಂದೂವರೆ ವರ್ಷ ಒಳಗಿದ್ದ. ನಾನು ಒಂದು ಸಲವೂ ನೋಡಲು ಹೋಗಲಿಲ್ಲ. ಬಿಡುಗಡೆಯಾದ ದಿನ ಗ್ಯಾರೇಜಿನ ಎದುರು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ ಹೋದ. ನಾನು ಗಾಡಿಯ ಕೆಳಗೆ ಮಲಗಿದ್ದೆ. ಅವನು ಹೋಗುವವರೆಗೂ ಏಳಲಿಲ್ಲ.

ನಿನ್ನ ಯಜಮಾನರು ಚೆನ್ನಾಗಿದ್ದಾರಾ ಅಂತ ಅವನು ಯಾಕೆ ಕೇಳಿದ ಅಂತ ಈಗ ತಿಳಿಯಿತಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ಅವನು ನಿನಗೆ ಏನಾದರೂ ಹೇಳಿಬಿಟ್ಟಾನು ಅಂತ ಹೆದರಿ ಹೋಗಬೇಡ ಅಂದೆ. ನಿನ್ನ ಕಣ್ಣಲ್ಲಿ ಸಣ್ಣವನಾಗಬಾರದು ಅಂತ. ಅದಕ್ಕೆ ಅವನ ಅನ್ನವನ್ನು ಎರಡನೇ ಸಲ ಕಿತ್ತುಕೊಂಡೆ, ಅದೂ ನಿನ್ನ ಕೈಯಿಂದ. ಆ ಅಜ್ಜನ ಕೊನೇ ಗಳಿಗೆಯನ್ನೂ ನಾನೇ ಕೆಡಿಸಿದೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಅವನು ಎಲ್ಲಿದ್ದಾನೆ ಅಂತ ಪತ್ತೆ ಮಾಡು ತಾಯಿ. ನಾನು ಬಂದು ಅವನ ಕಾಲು ಹಿಡಿಯುತ್ತೇನೆ. ಬಟ್ಟೆ ತುಂಬಿಟ್ಟುಕೊಂಡು ಕೂತಿದ್ದೇನೆ, ನೀನು ಬರೆದ ದಿನವೇ ಹೊರಡುತ್ತೇನೆ. ಸಾಯುವ ಮೊದಲು ಅವನ ಬಾಯಲ್ಲಿ ಒಂದು ಮಾತು ಕೇಳಿದರೆ ಸಾಕು, ಬೈಗುಳವಾದರೂ ಸರಿ.

ಅಣ್ಣ ಅಂತ ಬರೆಯಲು ನಾಚಿಕೆಯಾಗುತ್ತದೆ.

ನವೆಂಬರ್ ೧೭

ಅಣ್ಣಾ,

ಎರಡು ತಿಂಗಳು ನಿನಗೆ ಬರೆಯಲು ನನ್ನಿಂದ ಆಗಲಿಲ್ಲ. ಅತ್ತಿಗೆಯ ಮೂರು ಫೋನುಗಳನ್ನೂ ಎತ್ತಲಿಲ್ಲ. ಅವರಿಗೆ ಆದದ್ದನ್ನು ನೀನೇ ಹೇಳು.

ನಿನ್ನ ಕಾಗದವನ್ನು ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ಕೂರಿಸಿ ಓದಿದೆ, ಮೊದಲ ಸಾಲಿನಿಂದ ಕೊನೆಯವರೆಗೆ. ಡಾಕ್ಟರು, ಕಾಂಪೌಂಡರು, ಆಂಬುಲೆನ್ಸ್ ಡ್ರೈವರ್, ಜಾಗದ ಯಜಮಾನನನ್ನೂ ಕರೆಸಿದ್ದೆ. ನನ್ನ ಮದುವೆ ಅನ್ನುವ ಕಡೆ ನಿಲ್ಲಿಸಿ, ನೀರು ಕುಡಿದು ಮುಂದೆ ಓದಿದೆ. ಡ್ರೈವರ್ ಅತ್ತುಬಿಟ್ಟ. ಯಜಮಾನ "ಛೆ ಛೆ" ಅಂದ. ಶೆಡ್ಡಿನಲ್ಲಿ ಈಗ ಸಿಮೆಂಟು ಮೂಟೆಗಳಿವೆ. ಗೋಡೆಗೆ ಸುಣ್ಣ ಹೊಡೆದಿದ್ದಾರೆ.

ನಿನ್ನ ಪಾಲುದಾರರನ್ನು ಪತ್ತೆ ಹಚ್ಚಿದ್ದು ಡ್ರೈವರೇ. ಐದು ಗಂಟೆ ಬಸ್ಸಿನಲ್ಲಿ ಹೋದೆ. ಒಂದು ದೊಡ್ಡ ಬಸ್ ಡಿಪೋ. ಅಲ್ಲಿ ಅವರು ಬಸ್ಸು ತೊಳೆಯುತ್ತಾರೆ, ಅಣ್ಣಾ. ರಬ್ಬರ್ ಬೂಟು ಹಾಕಿಕೊಂಡು, ಪೈಪು ಹಿಡಿದುಕೊಂಡು. ಅಷ್ಟು ಚೆನ್ನಾಗಿ ಕೆಲಸ ಬಲ್ಲ ಕೈ. ಪಾನಾ ಯಾಕೆ ಹಿಡಿಯುತ್ತಿಲ್ಲ ಅಂದೆ. "ಡಿಪೋದವರು ಕೇಳಿದ್ರು ತಾಯಿ. ನಾನೇ ಬೇಡ ಅಂದೆ. ಮತ್ತೆ ಯಾರಾದ್ರೂ ಬಂದು ಹೇಳಿದ್ರೆ?" ಅಂದರು.

ನಾನು ಅಲ್ಲೇ ಒದ್ದೆ ನೆಲದ ಮೇಲೆ ಅವರ ಕಾಲು ಮುಟ್ಟಲು ಬಗ್ಗಿದೆ. "ಅಯ್ಯಯ್ಯೋ, ಸೀರೆ ಒದ್ದೆಯಾಗುತ್ತೆ" ಅಂತ ಎಬ್ಬಿಸಿದರು. ನಿನ್ನ ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಬಸ್ಸಿನ ಮೆಟ್ಟಿಲ ಮೇಲೆ ಕೂತು. ಮಡಿಸಿ ನನಗೇ ವಾಪಸ್ ಕೊಟ್ಟರು. ಆಮೇಲೆ ಅವರು ಕೇಳಿದ್ದು ನಿನ್ನ ವಿಷಯ ಅಲ್ಲ. "ನಿಮ್ಮ ಯಜಮಾನ್ರು ಊರಲ್ಲಿದ್ದಾರೆ ಅಂತಿದ್ದ ಡ್ರೈವರ್. ಈಗ್ಲೂ ಅಲ್ಲೇನಾ? ನಿಮ್ಮ ಹತ್ತಿರ ಬರೋದಿಲ್ವಾ?" ಅಂತ.

ಇನ್ನು ಮೇಲೆ ಅವರ ಹತ್ತಿರ ಒಂದಕ್ಷರ ಸುಳ್ಳಾಡಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದವಳು ನಾನು. ಆ ಮುಖ ನೋಡಿದೆ. "ಬರ್ತಾರೆ. ಮುಂದಿನ ತಿಂಗಳು ಬರ್ತಾರೆ" ಅಂದೆ. ಅವರಿಗೆ ಉಳಿದಿದ್ದು ಅದೊಂದೇ ಅಣ್ಣಾ, ಅದನ್ನೂ ಹೇಗೆ ಕಿತ್ತುಕೊಳ್ಳಲಿ? ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ.

ನಮ್ಮೂರಿಗೆ ಬನ್ನಿ, ಈಗ ಎಲ್ಲರಿಗೂ ಸತ್ಯ ಗೊತ್ತು, ಬೇರೆ ಜಾಗ ಹುಡುಕಿ ಕೊಡುತ್ತೇವೆ ಅಂದೆ. ಬೇಡ ಅಂತ ತಲೆಯಾಡಿಸಿದರು. "ಎರಡು ಸಲ ಎದ್ದೆ ತಾಯಿ. ಸಾಕು" ಅಂದರು.

ನೀನು ಬರಲು ಕಾಯುತ್ತಿದ್ದೀಯ ಅಂತ ಹೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಬೇಡ ಅಂತ ಹೇಳಿ ತಾಯಿ. ನನಗೆ ಸಿಟ್ಟಿಲ್ಲ. ಅವನು ಬಂದು ಎದುರಿಗೆ ನಿಂತ ಅಂದ್ರೆ ನಾನು ಕ್ಷಮಿಸಿಬಿಡ್ತೀನಿ. ನನ್ನ ಸ್ವಭಾವ ನನಗೆ ಗೊತ್ತು. ಕ್ಷಮಿಸೋಕೆ ನನಗೆ ಇಷ್ಟ ಇಲ್ಲ."

ಅಷ್ಟು ಹೇಳಿ ಪೈಪು ಎತ್ತಿಕೊಂಡು ಮುಂದಿನ ಬಸ್ಸಿಗೆ ಹೋದರು.

ಬರಬೇಡ ಅಣ್ಣಾ. ತುಂಬಿಟ್ಟ ಬಟ್ಟೆ ತೆಗೆದಿಡು.

ತಂಗಿ